ಸಿಲ್ವರ್‌ಡೋಮಿನಲ್ಲಿ ಅಪ್ಪ ಕಂಡ ಕಬಡ್ಡಿ

1997ರ ನವೆಂಬರ್ 27, ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ಅಪ್ಪ ಮಿಷಿಗನ್ನಿನ ನಮ್ಮ ಮನೆಗೆ ಬಂದು ಐದು ವಾರವಾಗಿತ್ತು. ಹೊರಗೆ ಕಾಲಿಟ್ಟರೆ ಚಳಿ, ಒಳಗೆ ಕೂತರೆ ಬೇಸರ. ಮಂಡ್ಯ ಸೀಮೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿ ದಿನವಿಡೀ ಬಯಲಲ್ಲೇ ಇದ್ದ ಜೀವ ಅದು. ಆಫೀಸಿನ ಗೆಳೆಯನೊಬ್ಬ ಊರಿಗೆ ಹೊರಟವನು ತನ್ನ ಎರಡು ಟಿಕೆಟ್ಟುಗಳನ್ನು ನನಗೆ ಕೊಟ್ಟಿದ್ದ. ಡೆಟ್ರಾಯಿಟ್ ಲಯನ್ಸ್ ಮತ್ತು ಚಿಕಾಗೊ ಬೇರ್ಸ್ ನಡುವಿನ ಅಮೆರಿಕನ್ ಫುಟ್‌ಬಾಲ್ ಆಟ. ಲಯನ್ಸ್ ತಂಡ ಈ ಹಬ್ಬದ ದಿನ ತನ್ನ ಊರಲ್ಲೇ ಆಡುವುದು 1934ರಿಂದ ನಡೆದುಕೊಂಡು ಬಂದ ಪದ್ಧತಿ. "ಅಪ್ಪ, ಒಳಾಂಗಣ ಕ್ರೀಡಾಂಗಣ, ಚಳಿ ಇರಲ್ಲ" ಅಂದೆ. ಮಾತು ಮುಗಿಯುವುದರೊಳಗೆ ಸ್ವೆಟರ್ ಹಾಕಿಕೊಂಡು ಮಫ್ಲರ್ ಸುತ್ತಿಕೊಂಡಿದ್ದರು.

ಪಾಂಟಿಯಾಕ್‌ನ ಸಿಲ್ವರ್‌ಡೋಮ್ ಎಂಬತ್ತು ಸಾವಿರ ಜನ ಹಿಡಿಯುವ ಕ್ರೀಡಾಂಗಣ. ಅದರ ಚಾವಣಿಗೆ ಒಂದು ಕಂಬವೂ ಇರಲಿಲ್ಲ. ದೊಡ್ಡ ಫ್ಯಾನುಗಳು ಊದುವ ಗಾಳಿಯ ಒತ್ತಡದಲ್ಲೇ ಬಟ್ಟೆಯಂಥ ಹೊದಿಕೆ ಮೇಲೆ ಉಬ್ಬಿ ನಿಂತಿತ್ತು. ಒಳಗಿನ ಗಾಳಿ ಸೋರಿಹೋಗದಿರಲೆಂದು ತಿರುಗುವ ಬಾಗಿಲುಗಳು. ಒಳಗೆ ಬಂದ ಅಪ್ಪ ಕತ್ತೆತ್ತಿ ಸುಮಾರು ಹೊತ್ತು ಅದನ್ನೇ ನೋಡುತ್ತ ನಿಂತರು. ನಮ್ಮ ಸೀಟು ಬಹಳ ಮೇಲಿತ್ತು. ಅಪ್ಪ ಕಂಬಿ ಹಿಡಿದು, ಬಲಗಾಲನ್ನು ಮೊದಲು ಇಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ನಾನು ಕೈ ಕೊಡಲು ಹೋದರೆ ಬೇಡ ಅಂದರು.

ಆ ಎಡಮಂಡಿಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಇಪ್ಪತ್ತೇಳನೇ ವಯಸ್ಸಿನಲ್ಲಿ ಜಿಲ್ಲಾ ತಂಡಕ್ಕೆ ರೈಡರ್ ಆಗಿ ಆಡುವಾಗ ಮಂಡಿ ತಿರುಚಿತ್ತು. ಇನ್ನು ಆಡಬೇಡ ಅಂತ ಡಾಕ್ಟರು ಹೇಳಿದ್ದರು. ಇದೊಂದು ವರ್ಷ ಆಡು ಅಂತ ಊರಿನವರು ಹಟ ಹಿಡಿದರು. ಅಪ್ಪ ಆಡಿದರು. ಆಮೇಲೆ ಅವರು ಕುಕ್ಕರಗಾಲಲ್ಲಿ ಕೂತದ್ದನ್ನು ನಾನು ನೋಡಿಲ್ಲ.

ಆಟದ ನಿಯಮ ಹೇಳಲು ಶುರು ಮಾಡಿದೆ. ನಾಲ್ಕು ಸಲದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಅವಕಾಶ. ರನ್ನಿಂಗ್ ಬ್ಯಾಕ್ ಅಂದರೆ ಹಿಂದೆ ನಿಂತು, ಚೆಂಡು ಕೈಗೆ ಬಂದ ತಕ್ಷಣ ಅದನ್ನು ಎದೆಗೆ ಅವಚಿಕೊಂಡು ಎದುರಾಳಿಗಳ ನಡುವೆ ನುಗ್ಗುವವನು.

"ಅಂದ್ರೆ ರೈಡು. ಮುಟ್ಟಿ ವಾಪಸ್ ಬರೋ ಹಂಗಿಲ್ಲ, ಅಷ್ಟೇ ತಾನೇ?" ಅಂದರು ಅಪ್ಪ.

ಅಲ್ಲಿಗೆ ನನ್ನ ಪಾಠ ಮುಗಿಯಿತು. ಇಪ್ಪತ್ತನೇ ನಂಬರಿನ ಹುಡುಗನನ್ನು ತೋರಿಸಿದೆ. ಲಯನ್ಸ್‌ನ ರನ್ನಿಂಗ್ ಬ್ಯಾಕ್ ಬ್ಯಾರಿ ಸ್ಯಾಂಡರ್ಸ್. 5 ಅಡಿ 8 ಅಂಗುಲ ಎತ್ತರ. ಸುತ್ತ ಇದ್ದವರೆಲ್ಲ ಆರಡಿ ದಾಟಿದ ದೈತ್ಯರು. ಆ ವರ್ಷದ ಮೊದಲ ಎರಡು ಆಟಗಳಲ್ಲಿ ಒಟ್ಟು 53 ಗಜ ಮಾತ್ರ ಓಡಿದ್ದ. ಆಮೇಲಿನ ಒಂದೊಂದು ಆಟದಲ್ಲೂ ನೂರು ದಾಟಿದ್ದ. ನಾಲ್ಕು ದಿನದ ಹಿಂದಷ್ಟೇ 216 ಗಜ ಓಡಿದ್ದ.

ಮೊದಲಿಗೆ ಮುಂದಿದ್ದದ್ದು ಚಿಕಾಗೊ. ಅಪ್ಪ ಸ್ಕೋರಿನ ಕಡೆ ನೋಡಲೇ ಇಲ್ಲ. ಬ್ಯಾರಿ ಒಂದು ಸಲ ಬಲಕ್ಕೆ ಹೊರಟ, ಅಲ್ಲಿ ದಾರಿ ಮುಚ್ಚಿತ್ತು. ನಿಂತ. ಪೂರ್ತಿ ನಿಂತೇಬಿಟ್ಟ, ಎರಡೂ ಪಾದ ನೆಲಕ್ಕೆ ಅಂಟಿಸಿ. ಮೇಲೆ ಬೀಳಲು ಬಂದವನು ಆ ನಿಂತ ಜಾಗಕ್ಕೆ ಹಾರಿದ, ಅಷ್ಟರಲ್ಲಿ ಇವನು ಅಲ್ಲಿರಲಿಲ್ಲ. ಎರಡು ಹೆಜ್ಜೆ ಹಿಂದೆ ಬಂದು ಎಡಕ್ಕೆ ಸರಿದು ಇನ್ನಿಬ್ಬರ ನಡುವಿನ ಸಂದಿಯಲ್ಲಿ ತೂರಿದ್ದ. ಅಪ್ಪ ನನ್ನ ತೋಳು ಹಿಡಿದರು.

"ರೈಡರ್‌ನ ಹಿಡೀಬೇಕು ಅಂದ್ರೆ ಮುಖ ನೋಡಬ್ಯಾಡಿ, ಸೊಂಟ ನೋಡಿ ಅಂತ ನಾನು ಹುಡುಗರಿಗೆ ಹೇಳಿಕೊಡ್ತಿದ್ದೆ. ಮುಖ ಸುಳ್ಳು ಹೇಳ್ತದೆ, ಸೊಂಟ ಹೇಳಕಿಲ್ಲ ಅಂತ. ಇವನ ಸೊಂಟಾನೂ ಸುಳ್ಳು ಹೇಳ್ತದೆ ಕಣ್ಲಾ!"

ಬ್ಯಾರಿಯ ಬಗ್ಗೆ ಎಷ್ಟೋ ಪರಿಣತರು ಎಷ್ಟೋ ಬರೆದಿದ್ದಾರೆ. ಇಷ್ಟು ಸರಿಯಾಗಿ ಹೇಳಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅಂದು ಅವನು 167 ಗಜ ಓಡಿ, ಎದುರಾಳಿಯ ಕೊನೆಯ ಗೆರೆಯಾಚೆಗೆ ಚೆಂಡು ಒಯ್ದು ಮೂರು ಟಚ್‌ಡೌನ್ ಹೊಡೆದ. ಎರಿಕ್ ಡಿಕರ್ಸನ್‌ನನ್ನು ಹಿಂದೆ ಹಾಕಿ, ಅತಿ ಹೆಚ್ಚು ಗಜ ಓಡಿದವರ ಸಾರ್ವಕಾಲಿಕ ಪಟ್ಟಿಯಲ್ಲಿ ಎರಡನೆಯವನಾದ. ಮುಂದಿದ್ದವನು ಚಿಕಾಗೊ ಪರವಾಗಿ ಆಡಿದ್ದ ವಾಲ್ಟರ್ ಪೇಟನ್ ಒಬ್ಬನೇ. ಲಯನ್ಸ್ 55-20ರಿಂದ ಗೆದ್ದಿತು. ಜನ ಕುರ್ಚಿಗಳ ಮೇಲೆ ಹತ್ತಿ ಕೂಗುತ್ತಿದ್ದರು. ಅಪ್ಪ ಮಾತ್ರ ಪ್ರತಿ ಟಚ್‌ಡೌನ್ ಆದಮೇಲೆ ಇನ್ನೊಂದನ್ನೇ ಗಮನಿಸುತ್ತಿದ್ದರು. ಬ್ಯಾರಿ ಕುಣಿಯುತ್ತಿರಲಿಲ್ಲ, ಚೆಂಡನ್ನು ನೆಲಕ್ಕೆ ಬಡಿಯುತ್ತಿರಲಿಲ್ಲ. ಹತ್ತಿರದ ಅಂಪೈರ್ ಕೈಗೆ ಚೆಂಡು ಕೊಟ್ಟು ತನ್ನ ಪಾಡಿಗೆ ನಡೆದುಬಿಡುತ್ತಿದ್ದ. ಅಪ್ಪನ ಶಾಲೆಯಲ್ಲಿ ಪಾಯಿಂಟ್ ತಂದು ತೊಡೆ ತಟ್ಟಿದ ಹುಡುಗ ಮುಂದಿನ ಆಟಕ್ಕೆ ಹೊರಗೆ ಕೂರಬೇಕಿತ್ತು. ಮೂರನೇ ಸಲ ಬ್ಯಾರಿ ಚೆಂಡು ಕೊಟ್ಟು ತಿರುಗಿದಾಗ ಅಪ್ಪ ಎದ್ದು ನಿಂತು, ಮಫ್ಲರ್ ಬಿಚ್ಚಿ ಕೈಯಲ್ಲಿ ಹಿಡಿದು, ಚಪ್ಪಾಳೆ ತಟ್ಟಿದರು.

ಹೊರಗೆ ಬರುವಾಗ ಒಳಗಿನ ಗಾಳಿ ನಮ್ಮನ್ನು ಬೆನ್ನ ಹಿಂದಿನಿಂದ ತಳ್ಳಿತು. ಕಾರಿನಲ್ಲಿ 1989ರ ಕಥೆ ಹೇಳಿದೆ. ಬ್ಯಾರಿಯ ಮೊದಲ ವರ್ಷದ ಕೊನೆಯ ಆಟ. ಇನ್ನು ಹನ್ನೊಂದು ಗಜ ಓಡಿದ್ದರೆ ಆ ವರ್ಷ ಎಲ್ಲರಿಗಿಂತ ಹೆಚ್ಚು ಓಡಿದವನೆಂಬ ಹೆಸರು ಅವನದಾಗುತ್ತಿತ್ತು. ಮತ್ತೆ ಮೈದಾನಕ್ಕೆ ಇಳಿಯುತ್ತೀಯಾ ಅಂತ ಕೋಚ್ ಕೇಳಿದರೆ, ಆಟ ಗೆದ್ದಾಗಿದೆ, ಬೇಡ ಅಂದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ ಮಗ ಅವನು?" ಅಂತ ಕೇಳಿದರು. ಕಾನ್ಸಾಸ್‌ನ ವಿಚಿಟಾದಲ್ಲಿ ಮನೆಗಳ ಚಾವಣಿ ಹಾಕುವ ಕೆಲಸದವನ ಮಗ ಅಂದೆ. ತಲೆಯಾಡಿಸಿದರು.

1997ರ ಆ ಸೀಸನ್ನಿನಲ್ಲಿ ಅವನು 2,053 ಗಜ ಮುಟ್ಟಿದ. ಊರಿಗೆ ಮರಳಿದ ಅಪ್ಪ ಕಾಗದ ಬರೆದಾಗಲೆಲ್ಲ ಕೊನೆಯಲ್ಲಿ "ನಮ್ಮ ರೈಡರ್ ಹೇಗಿದ್ದಾನೆ?" ಅಂತ ಕೇಳುತ್ತಿದ್ದರು.

ಈಗ ಸಿಲ್ವರ್‌ಡೋಮ್ ಇಲ್ಲ. ಆ ಜಾಗದಲ್ಲಿ ಅಮೆಜಾನ್‌ನ ಗೋದಾಮು ಇದೆ. 2023ರ ಸೆಪ್ಟೆಂಬರಿನಲ್ಲಿ ಡೆಟ್ರಾಯಿಟ್‌ನ ಫೋರ್ಡ್ ಫೀಲ್ಡ್ ಹೊರಗೆ ಬ್ಯಾರಿಯ ಕಂಚಿನ ಪ್ರತಿಮೆ ನಿಲ್ಲಿಸಿದರು. ನೋಡಲು ಹೋಗಿದ್ದೆ. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮಕ್ಕಳೆಲ್ಲ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನಗೆ ನೆನಪಾದದ್ದು 1999ರ ಜುಲೈ ತಿಂಗಳ ಒಂದು ರಾತ್ರಿ.

ಹೊಸ ಸೀಸನ್ನಿನ ತರಬೇತಿ ಶುರುವಾಗುವ ಹೊತ್ತಿಗೆ, ಜುಲೈ 27ರಂದು, ಬ್ಯಾರಿ ತನ್ನ ಊರಿನ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ಆಟ ಬಿಟ್ಟ. ಪತ್ರಕರ್ತರನ್ನು ಕರೆಯಲಿಲ್ಲ, ವಿದಾಯದ ಆಟ ಆಡಲಿಲ್ಲ. ಆಡಬೇಕೆನ್ನುವ ಆಸೆಗಿಂತ ಬಿಡಬೇಕೆನ್ನುವ ಆಸೆ ದೊಡ್ಡದಾಗಿದೆ ಅಂತ ಅದರಲ್ಲಿತ್ತು. ಹತ್ತು ವರ್ಷದಲ್ಲಿ 15,269 ಗಜ. ಪೇಟನ್‌ನ ದಾಖಲೆಗೆ ಬಾಕಿ ಇದ್ದದ್ದು 1,457. ಅವನು ವರ್ಷಕ್ಕೆ ಸರಾಸರಿ ಸಾವಿರದ ಐನೂರು ದಾಟುತ್ತಿದ್ದವನು. ಇನ್ನೊಂದೇ ಒಂದು ವರ್ಷ ಸಾಕಿತ್ತು. ಹೆಚ್ಚಿನ ರನ್ನಿಂಗ್ ಬ್ಯಾಕ್‌ಗಳ ಆಟ ಮೂರ್ನಾಲ್ಕು ವರ್ಷಕ್ಕೆ ಮುಗಿಯುತ್ತದೆ, ಇವನಿಗೆ ಮೂವತ್ತೊಂದು ತುಂಬಿದ್ದರೂ ಕಾಲು ಗಟ್ಟಿಯಾಗೇ ಇದ್ದವು. ಆ ಹತ್ತು ವರ್ಷದಲ್ಲಿ ತಂಡ ಪ್ಲೇಆಫ್‌ನಲ್ಲಿ ಗೆದ್ದದ್ದು ಒಂದೇ ಸಲ ಅನ್ನುವುದನ್ನು ಮರೆತು, ಇಡೀ ಡೆಟ್ರಾಯಿಟ್ ಅವನ ಮೇಲೆ ಸಿಟ್ಟಾಗಿತ್ತು. ನನಗೂ ಸಿಟ್ಟು ಬಂದಿತ್ತು. ಕೈಬಿಟ್ಟು ಹೋದ ಅನ್ನಿಸಿತ್ತು.

ರಾತ್ರಿ ಊರಿಗೆ ಫೋನ್ ಮಾಡಿದೆ. ಅಲ್ಲಿ ಆಗ ಬೆಳಗ್ಗೆ. "ಅಪ್ಪ, ಬ್ಯಾರಿ ಆಟ ಬಿಟ್ಟುಬಿಟ್ಟ" ಅಂದೆ.

"ಮಂಡಿಗೆ ಏನಾದ್ರೂ ಆಯ್ತೇನ್ಲಾ?"

"ಇಲ್ಲಪ್ಪ. ಏನೂ ಆಗಿಲ್ಲ. ಸುಮ್ಮನೆ ಬಿಟ್ಟ. ಇನ್ನೊಂದು ವರ್ಷ ಆಡಿದ್ರೆ ದಾಖಲೆ ಅವನದೇ ಆಗ್ತಿತ್ತು."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹಿತ್ತಲಲ್ಲಿ ಯಾರೋ ಬಿಂದಿಗೆ ಇಟ್ಟ ಸದ್ದು ಕೇಳಿಸಿತು.

"ಹಂಗಾದ್ರೆ ಸರಿ ಬುಡು" ಅಂದರು ಅಪ್ಪ. "ಮೆಟ್ಲು ಹತ್ತಬೋದು ಅವನು."