ಎರಡನೇ ಸುತ್ತಿನ ಹುಡುಗರು

ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡ 2025ರಲ್ಲಿ ಕೊನೆಗೂ ಡ್ರಾಫ್ಟಿನ, ಅಂದರೆ ಹೊಸ ಆಟಗಾರರ ಆಯ್ಕೆಯ, ಮೊದಲ ಸುತ್ತಿನಲ್ಲೇ ಓಡುತ್ತಾ ಚೆಂಡು ಹಿಡಿಯುವ ಒಬ್ಬ ರಿಸೀವರ್‌ನನ್ನು ಆರಿಸಿಕೊಂಡಿತು. 2002ರಲ್ಲಿ ಜಾವನ್ ವಾಕರ್ ಬಂದ ಮೇಲೆ ಇದೇ ಮೊದಲು. ಅದೂ ಆ ಸಲದ ಡ್ರಾಫ್ಟ್ ನಡೆದದ್ದು ಗ್ರೀನ್ ಬೇಯಲ್ಲೇ. ಏಪ್ರಿಲ್ 24ರ ರಾತ್ರಿ ಮ್ಯಾಥ್ಯೂ ಗೋಲ್ಡನ್ ಹೆಸರು ಕೂಗಿದಾಗ ಜನ ಕುಣಿದಾಡಿಬಿಟ್ಟರು. ವಿಸ್ಕಾನ್ಸಿನ್‌ಗೆ ಬಂದು ನೆಲೆಸಿದ ಮೇಲೆ ಇದು ನನ್ನ ತಂಡವೂ ಹೌದು, ನನಗೂ ಬಹಳ ಖುಷಿಯಾಯಿತು. ಆದರೆ ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು: ಇಷ್ಟು ವರ್ಷವೂ ಹೀಗೇ ಮಾಡಬೇಕಿತ್ತು ಅಂತ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಈ ಆಟ ನೋಡದವರಿಗೆ ಒಂದೆರಡು ಮಾತು. ಕಾಲೇಜಿನಿಂದ ಬರುವ ಹುಡುಗರನ್ನು 32 ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಒಟ್ಟು 7 ಸುತ್ತು. ಐಪಿಎಲ್ ಹರಾಜಿನಂತೆ ದುಡ್ಡು ಕೂಗುವುದಿಲ್ಲ. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮೊದಲ ಸರದಿ. ಬೇಕಾದರೆ ತಂಡಗಳು ತಮ್ಮ ಸರದಿಗಳನ್ನೇ ಒಂದಕ್ಕೊಂದು ಬದಲಾಯಿಸಿಕೊಳ್ಳಬಹುದು, ಆಟಗಾರನನ್ನು ಕೊಟ್ಟೂ ಸರದಿ ಪಡೆಯಬಹುದು. ಪ್ಯಾಕರ್ಸ್ ಹೆಚ್ಚಾಗಿ ಗೆಲ್ಲುವ ತಂಡ. ಅದರ ಸರದಿ ಬರುವ ಹೊತ್ತಿಗೆ ದೊಡ್ಡ ಹೆಸರಿನ ರಿಸೀವರ್‌ಗಳು ಖಾಲಿಯಾಗಿರುತ್ತಾರೆ.

ಆದರೂ ಈ ತಂಡಕ್ಕೆ ಸಿಕ್ಕವರನ್ನು ನೋಡಿ. ಗ್ರೆಗ್ ಜೆನ್ನಿಂಗ್ಸ್ 52ನೇ ಆಯ್ಕೆ. ಜಾರ್ಡಿ ನೆಲ್ಸನ್ 36. ರ‍್ಯಾಂಡಲ್ ಕಾಬ್ 64. ಎಲ್ಲರೂ ಎರಡನೇ ಸುತ್ತಿನವರೇ. ಡೊನಾಲ್ಡ್ ಡ್ರೈವರ್ ಅಂತೂ 1999ರ ಏಳನೇ ಸುತ್ತಿನವನು. 2014ರಲ್ಲಿ 53ನೆಯವನಾಗಿ ಬಂದ ಡೆವಾಂಟೆ ಆಡಮ್ಸ್ ಆಟವನ್ನಂತೂ ನೋಡುತ್ತಾ ಕೂರಬೇಕು. ಚೆಂಡು ಆಟಕ್ಕೆ ಬಂದ ಕೂಡಲೇ ಅವನು ಓಡುವುದಿಲ್ಲ. ನಿಂತಲ್ಲೇ ಹೆಜ್ಜೆ ಬದಲಿಸಿ, ಭುಜ ಒಂದು ಕಡೆ ವಾಲಿಸುತ್ತಾನೆ. ಎದುರಿಗಿದ್ದವನು ಆ ಕಡೆ ವಾಲಿದನೋ, ಇವನು ಈ ಕಡೆಯಿಂದ ಪಾರು. ಇದೆಲ್ಲ ಕಲಿತು ಬರುವ ವಿದ್ಯೆ. ಬರೀ ವೇಗ ಇದ್ದರೆ ಸಾಲದು.

2022ರಲ್ಲಿ ಆಡಮ್ಸ್‌ನನ್ನು ರೇಡರ್ಸ್‌ಗೆ ಬಿಟ್ಟುಕೊಟ್ಟಾಗ ಬದಲಿಗೆ ಸಿಕ್ಕದ್ದು 22 ಮತ್ತು 53ನೇ ಸರದಿ. ಅದೇ 53! ಅದಕ್ಕೆ 59ನ್ನೂ ಸೇರಿಸಿ ವೈಕಿಂಗ್ಸ್‌ಗೆ ಕೊಟ್ಟು, 34ಕ್ಕೆ ಏರಿ ಕ್ರಿಶ್ಚಿಯನ್ ವಾಟ್ಸನ್‌ನನ್ನು ತಂದರು.

ವಾಟ್ಸನ್‌ನ ಮೊದಲ ಪಂದ್ಯ, ಅದರಲ್ಲಿ ತಂಡದ ಮೊದಲ ಯತ್ನ. ಕಾಯುವವನನ್ನು ಹಿಂದೆ ಹಾಕಿ ಒಬ್ಬನೇ ಓಡುತ್ತಿದ್ದಾನೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆ್ಯರನ್ ರಾಜರ್ಸ್ ಎಸೆದದ್ದು ನೇರ ಕೈಗೇ ಬಂತು. ಮುಂದೆ ಯಾರೂ ಇಲ್ಲ. ಚೆಂಡು ಕೈಯಿಂದ ಜಾರಿ ಬಿತ್ತು. ಅವತ್ತು ಅವನನ್ನು ಬೈಯದವರಿಲ್ಲ. ನವೆಂಬರ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧ ಅದೇ ಹುಡುಗ 3 ಟಚ್‌ಡೌನ್ ಹೊಡೆದ, ಅಂದರೆ ಮೂರು ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ. ಎರಡು ತಿಂಗಳು ಕಾದಿದ್ದಕ್ಕೆ ಸಿಕ್ಕ ಫಲ ಅದು, ಅಲ್ವಾ?

ಅವನ ಜೊತೆ ಅದೇ ವರ್ಷ ನಾಲ್ಕನೇ ಸುತ್ತಿನಲ್ಲಿ ರೋಮಿಯೋ ಡೌಬ್ಸ್ ಬಂದ. ಮರುವರ್ಷ 50ನೆಯವನಾಗಿ ಜೇಡನ್ ರೀಡ್, ಐದನೇ ಸುತ್ತಿನಲ್ಲಿ ಡೊಂಟೇವಿಯನ್ ವಿಕ್ಸ್. ಒಬ್ಬನ ಮೇಲೇ ಎಲ್ಲ ಭಾರ ಹಾಕದೆ ನಾಲ್ಕು ಜನರನ್ನು ಒಟ್ಟಿಗೆ ಬೆಳೆಸಿದರು. 2024ರ ಜನವರಿಯಲ್ಲಿ ಡಲ್ಲಾಸ್‌ಗೇ ಹೋಗಿ ನಾಕೌಟ್ ಪಂದ್ಯವನ್ನು 48-32ರಲ್ಲಿ ಗೆದ್ದು ಬಂದರು. ಚೆಂಡು ಹಿಡಿದು ಡೌಬ್ಸ್ ಒಬ್ಬನೇ ಗಳಿಸಿದ್ದು 151 ಗಜ. ಎದುರಾಳಿಗಳಿಗೆ ಯಾರನ್ನು ಕಾಯಬೇಕೆಂದೇ ಗೊತ್ತಾಗಲಿಲ್ಲ.

ಹಾಗಾದರೆ ಈಗ ಗೋಲ್ಡನ್ ಯಾಕೆ? ಗಾಯ. 2025ರ ಜನವರಿಯಲ್ಲಿ ಬೇರ್ಸ್ ತಂಡದ ವಿರುದ್ಧ ವಾಟ್ಸನ್‌ನ ಮಂಡಿಯ ಲಿಗಮೆಂಟ್ ಹರಿಯಿತು. ಮುಂದಿನ ವಾರ ಫಿಲಡೆಲ್ಫಿಯಾದಲ್ಲಿ ಡೌಬ್ಸ್, ರೀಡ್ ಇಬ್ಬರೂ ಪಂದ್ಯದ ನಡುವೆಯೇ ಗಾಯಗೊಂಡು ಹೊರಬಂದರು. 22-10ರಲ್ಲಿ ಸೋತೆವು. ವಾಟ್ಸನ್‌ನಂತೆ ಓಡಿ, ಕಾಯುವವರನ್ನು ಹಿಂದಕ್ಕೆ ಎಳೆದು ಮೈದಾನವನ್ನು ಹಿಗ್ಗಿಸುವವನು ಇಲ್ಲದಿದ್ದರೆ ಉಳಿದವರಿಗೆ ಜಾಗವೇ ಸಿಗುವುದಿಲ್ಲ. 40 ಗಜವನ್ನು 4.29 ಸೆಕೆಂಡಿನಲ್ಲಿ ಓಡಿದ ಗೋಲ್ಡನ್ ಸಿಕ್ಕದ್ದು 23ನೇ ಸರದಿಯಲ್ಲಿ. ಬಿಡುವುದುಂಟೇ? ಟೆಕ್ಸಸ್ ಕಾಲೇಜಿನಲ್ಲಿ 2024ರ ಸೀಸನ್‌ನಲ್ಲಿ 987 ಗಜ ಗಳಿಸಿದವನು.

ಮೂರನೇ ಸುತ್ತಿನಲ್ಲಿ ಮತ್ತೊಬ್ಬ ರಿಸೀವರ್ ಸೇವಿಯನ್ ವಿಲಿಯಮ್ಸ್‌ನನ್ನೂ ತೆಗೆದುಕೊಂಡರು. ನನಗೆ ಜಾಸ್ತಿ ನೆಮ್ಮದಿ ಕೊಟ್ಟದ್ದು ಇದೇ. ಮೊದಲ ಸುತ್ತಿನ ಹುಡುಗ ಸಿಕ್ಕಿದ ಅಂತ ಹಳೆಯ ಪದ್ಧತಿ ಬಿಟ್ಟಿಲ್ಲ. ಆಗ ನಾನು ಕೇಳಿಕೊಂಡದ್ದು ಇಷ್ಟೇ: ಸೆಪ್ಟೆಂಬರ್‌ನಲ್ಲಿ ಗೋಲ್ಡನ್ ಒಂದೆರಡು ಚೆಂಡು ಬಿಟ್ಟರೂ ದಯವಿಟ್ಟು ಅವನನ್ನು ಕೂರಿಸಬೇಡಿ. ವಾಟ್ಸನ್ ವಾಪಸ್ ಬರುವವರೆಗೆ ಹೊರಗಿನ ಅಂಚಿನಲ್ಲೇ ಓಡಿಸಿ.