ಅರ್ಜಿದಾರರು ಯಾರು?

ಮನೆ ಮಾರಲು ಹೊರಟ ನಮ್ಮಕ್ಕನಿಗೆ, ಕೊಳ್ಳುವವರ ಬ್ಯಾಂಕಿನ ವಕೀಲರು ಒಂದು ಆಕ್ಷೇಪಣೆ ಎತ್ತಿದ್ದರು. ಮೈಸೂರಿನ ಆ ನಿವೇಶನವನ್ನು ಅವಳು 1996ರಲ್ಲಿ ತನ್ನ ಮೇಷ್ಟ್ರು ಸಂಬಳದಲ್ಲಿ ಕೊಂಡಾಗ, ಪತ್ರ ಬರೆದವರು ರೂಢಿಯಂತೆ ಅವಳ ಹೆಸರಿನ ಮುಂದೆ ‘ಕೋಂ’, ಅಂದರೆ ಇಂಥವರ ಹೆಂಡತಿ, ಎಂದು ಸೇರಿಸಿ ಗಂಡನ ಹೆಸರು ಹಾಕಿದ್ದರು. ಖಾತೆಯೂ ಹಾಗೆಯೇ ಆಗಿತ್ತು. ಆಧಾರ್ ಕಾರ್ಡಿನಲ್ಲಿ ಇರುವುದು ತಂದೆಯ ಹೆಸರು. ವಿಚ್ಛೇದನವಾಗಿದ್ದರೆ ಡಿಕ್ರಿಯ, ಅಂದರೆ ನ್ಯಾಯಾಲಯದ ಅಂತಿಮ ಆದೇಶದ, ದೃಢೀಕೃತ ನಕಲು ತನ್ನಿ, ಆಸ್ತಿಯ ಬಗ್ಗೆ ಅದರಲ್ಲಿ ಏನಾದರೂ ಷರತ್ತು ಇದೆಯೇ ನೋಡಬೇಕು ಎಂದು ವಕೀಲರು ಬರೆದುಕೊಟ್ಟರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕನ ಬಳಿಯಿದ್ದ ನಕಲು, ದೊಡ್ಡಮ್ಮ ತೀರಿಕೊಂಡ ಮೇಲೆ ಹಳೆಯ ಟ್ರಂಕಿನಲ್ಲಿ ಗೆದ್ದಲಿನ ಪಾಲಾಗಿತ್ತು.

ಇಂಥ ಕೆಲಸಗಳಲ್ಲಿ ದೊಡ್ಡಣ್ಣ ಮುಂದಾಳತ್ವ ವಹಿಸದೆ ಇರುವುದಿಲ್ಲ. ಅವನು ಅಕ್ಕನ ಒಡಹುಟ್ಟಿದವನು, ನಾನು ಅವರ ಚಿಕ್ಕಮ್ಮನ ಮಗು. ಒಳ್ಳೆಯವನೇ, ಆದರೆ ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಇಲ್ಲ ಎಂದು ನಂಬಿರುವ ಜಾತಿಯವನು. ಜನನ ಮರಣ ಪತ್ರದ ಹಾಗೆ ಡೈವೋರ್ಸ್ ಸರ್ಟಿಫಿಕೇಟನ್ನೂ ಪಾಲಿಕೆಯಲ್ಲಿ ಕೊಡುತ್ತಾರೆ ಎಂದು ಮೊದಲು ಅಲ್ಲಿಗೆ ಹೋದ, ಅವರು ನಕ್ಕು ಕಳಿಸಿದ ಮೇಲೆ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದ. ಅಲ್ಲಿ ಮದುವೆ ನೋಂದಾಯಿಸುತ್ತಾರೆ, ಮದುವೆ ಮುರಿದದ್ದನ್ನು ನೋಂದಾಯಿಸುವುದಿಲ್ಲ. ನಮ್ಮಲ್ಲಿ ವಿಚ್ಛೇದನಕ್ಕೆಂದು ಬೇರೆ ದಾಖಲಾತಿ ಪುಸ್ತಕವಿಲ್ಲ. ನ್ಯಾಯಾಲಯದ ತೀರ್ಪು ಮತ್ತು ಡಿಕ್ರಿಯೇ ದಾಖಲೆ, ಯಾವ ನ್ಯಾಯಾಲಯ ಕೊಟ್ಟಿತೋ ಅಲ್ಲಿಯೇ ಅದನ್ನು ಹುಡುಕಬೇಕು. ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರತಿ ಮೊಕದ್ದಮೆಗೂ ಕೊಡುವ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಒತ್ತಿದರೆ ಈಗಿನ ಮೊಕದ್ದಮೆಗಳ ವಿವರ ತೆರೆದುಕೊಳ್ಳುತ್ತದೆ. ಅಕ್ಕನದು 2001ರ ತೀರ್ಪು, ಆ ವ್ಯವಸ್ಥೆ ಹುಟ್ಟುವ ಮೊದಲಿನದು. ಪ್ರಕರಣ ನಡೆದದ್ದು ಮಂಡ್ಯದಲ್ಲಿ. ದೊಡ್ಡಣ್ಣ ಅಲ್ಲಿನ ಪರಿಚಯದವರೊಬ್ಬರಿಗೆ ಹೇಳಿ, ಭಾವನ ಹೆಸರು ಕೊಟ್ಟು ಹಳೆಯ ರಿಜಿಸ್ಟರುಗಳನ್ನು ನೋಡಿಸಿದ. ಆ ಹೆಸರಿನವರು ಹಾಕಿದ ಎಂ.ಸಿ. (ವೈವಾಹಿಕ) ಪ್ರಕರಣ ಯಾವುದೂ ಇಲ್ಲ ಎಂಬ ಉತ್ತರ ಬಂತು. ಕೊನೆಗೆ ಕಳೆದ ಮಂಗಳವಾರ ಅಕ್ಕನನ್ನೂ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಅವನೇ ಮಂಡ್ಯಕ್ಕೆ ಹೊರಟ.

ನಕಲು ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದ ಮಧ್ಯವಯಸ್ಸಿನ ಗುಮಾಸ್ತರೊಬ್ಬರು ಕುಳಿತಿದ್ದರು. ಪ್ರಕರಣದ ಸಂಖ್ಯೆ ಕೇಳಿದರು, ಇರಲಿಲ್ಲ. ವರ್ಷ ಕೇಳಿದರು, ಹೇಳಿದೆವು. ಆಮೇಲೆ ತಲೆ ಎತ್ತದೆ, “ನೀವು ಅರ್ಜಿದಾರರೋ, ಎದುರುದಾರರೋ?” ಎಂದರು.

“ಎದುರುದಾರರು ಸಾರ್,” ಎಂದ ದೊಡ್ಡಣ್ಣ.

“ಅಲ್ಲ,” ಎಂದಳು ಅಕ್ಕ. “ಅರ್ಜಿ ಹಾಕಿದ್ದು ನಾನು.”

ಗುಮಾಸ್ತರು ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಇಬ್ಬರ ಮುಖವನ್ನೂ ನೋಡಿದರು. “ಹಂಗಾದ್ರೆ ನಿಮ್ಮ ಹೆಸರಲ್ಲೇ ಸಿಗುತ್ತೆ ಬಿಡಿ ಅಮ್ಮ,” ಎಂದು ಅರ್ಜಿಯ ಕಾಗದವನ್ನು ಅಕ್ಕನ ಕಡೆಗೆ ತಳ್ಳಿದರು. ಉಳಿದ ಕಾಗದಗಳು ನಾಶವಾಗಿದ್ದರೂ ತೀರ್ಪು ಮತ್ತು ಡಿಕ್ರಿ ಇದ್ದೇ ಇರುತ್ತವೆ ಎಂದು ಧೈರ್ಯವನ್ನೂ ಹೇಳಿದರು.

ನಡೆದದ್ದು ಇಷ್ಟೇ. ಆದರೆ ನನಗೆ ನೆನಪಿರುವ ಮಟ್ಟಿಗೆ ನಮ್ಮ ಮನೆತನದಲ್ಲಿ ಅಕ್ಕನ ಕತೆಯನ್ನು ಎಲ್ಲರೂ ಹೇಳುತ್ತಿದ್ದುದು ಒಂದೇ ರೀತಿಯಲ್ಲಿ: ಅವನು ಬಿಟ್ಟುಬಿಟ್ಟ, ಪಾಪ. ಮದುವೆ ಮುಂಜಿಗಳಲ್ಲಿ ಅವಳು ಎದ್ದುಹೋದ ಮೇಲೆ ಹೆಂಗಸರು ಹೇಳಿಕೊಳ್ಳುತ್ತಿದ್ದುದೂ ಅದನ್ನೇ. ದೊಡ್ಡಪ್ಪ ಸಾಯುವ ತನಕ ಹಾಗೆಯೇ ಹೇಳಿದರು. ದೊಡ್ಡಣ್ಣ ಆ ವರ್ಷಗಳಲ್ಲಿ ಮುಂಬೈಯಲ್ಲಿದ್ದ, ತಂದೆ ಹೇಳಿದ್ದನ್ನು ನಂಬಿದ್ದ ಎಂದು ಇಟ್ಟುಕೊಂಡರೂ, ಇಷ್ಟು ವರ್ಷಗಳಲ್ಲಿ ತಂಗಿಯನ್ನು ಒಮ್ಮೆಯೂ ಕೇಳಲಿಲ್ಲವೇ ಎಂಬುದು ನನ್ನನ್ನು ಕಾಡುತ್ತಿದೆ. “ಎದುರುದಾರರು ಸಾರ್” ಎಂದಾಗ ಅವನ ದನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ತಂಗಿ ಪಕ್ಕದಲ್ಲೇ ನಿಂತಿದ್ದಾಳೆ, ಪ್ರಶ್ನೆ ಅವಳಿಗೆ ಕೇಳಿದ್ದು ಎಂಬುದೂ ಅವನಿಗೆ ಹೊಳೆಯಲಿಲ್ಲ.

ಅರ್ಜಿ ಕೊಟ್ಟು ಹೊರಗೆ ಬಂದು ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಕುಳಿತಾಗ, ದೊಡ್ಡಣ್ಣ ಕಾಫಿಯ ನೆಪದಲ್ಲಿ ದೂರ ಹೋಗಿದ್ದ. ಅಕ್ಕ ತಾನಾಗಿಯೇ ಹೇಳತೊಡಗಿದಳು. 1998ರಲ್ಲಿ ಅವಳು ಅರ್ಜಿ ಹಾಕಿದ್ದು ಕ್ರೌರ್ಯ ಮತ್ತು ಪರಿತ್ಯಾಗದ ಆಧಾರದ ಮೇಲೆ. ಬಿಟ್ಟುಹೋಗಿ ಎರಡು ವರ್ಷವಾದರೂ ಆಗಿರಬೇಕು ಎಂದು ಕಾನೂನು ಕೇಳುತ್ತದೆ, ಅವಳಿಗೆ ಅದಕ್ಕಿಂತ ಹೆಚ್ಚೇ ಆಗಿತ್ತು. ಅವಳು ವಾಸವಿದ್ದದ್ದು ಮೈಸೂರಿನ ತವರಿನಲ್ಲಿ, ಆದರೆ ಆಗಿನ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮದುವೆ ನಡೆದ ಊರು, ಎದುರುದಾರ ಇರುವ ಊರು ಅಥವಾ ಗಂಡಹೆಂಡಿರು ಕೊನೆಯದಾಗಿ ಒಟ್ಟಿಗಿದ್ದ ಊರು, ಇವುಗಳಲ್ಲೇ ಅರ್ಜಿ ಹಾಕಬೇಕಿತ್ತು. ಅವಳ ಪಾಲಿಗೆ ಮೂರೂ ಮಂಡ್ಯವೇ. ಹೆಂಡತಿ ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದು ಎಂಬ ತಿದ್ದುಪಡಿ ಬಂದದ್ದು 2003ರಲ್ಲಿ, ಅವಳ ಪ್ರಕರಣ ಮುಗಿದ ಮೇಲೆ. ಹಾಗಾಗಿ ವಾಯಿದೆ ಬಿದ್ದ ದಿನಗಳಲ್ಲಿ ಶಾಲೆಗೆ ರಜೆ ಬರೆದು, ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದು ಬಂದು, ಒಮ್ಮೊಮ್ಮೆ ಮುಂದಿನ ತಾರೀಖು ಬರೆದುಕೊಂಡಷ್ಟೇ ಸಂಪಾದನೆಯಾಗಿ, ಸಂಜೆ ಮನೆ ಸೇರುತ್ತಿದ್ದಳು. ಮಂಡ್ಯದಲ್ಲಿ ಟ್ರೈನಿಂಗ್ ಇದೆ ಎಂದು ನಮಗೆಲ್ಲ ಹೇಳುತ್ತಿದ್ದದ್ದು ಅದನ್ನೇ. ಮೇಷ್ಟ್ರುಗಳಿಗೆ ಏನು ಇಷ್ಟೊಂದು ಟ್ರೈನಿಂಗ್ ಎಂದು ನಮ್ಮಮ್ಮ ಗೊಣಗುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ.

ಭಾವ ಮೊದಲು ವಕೀಲರನ್ನಿಟ್ಟು ತಕರಾರು ಹಾಕಿ, ಆಮೇಲೆ ಬರುವುದನ್ನೇ ನಿಲ್ಲಿಸಿದನಂತೆ. ಅವನ ಬಗ್ಗೆ ಅವಳು ಇನ್ನೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದು, ಇದನ್ನು ಯಾಕೆ ಮುಚ್ಚಿಟ್ಟಿರಿ ಎಂದು.

“ಅಪ್ಪ ಕೈ ಮುಗಿದು ಕೇಳಿಕೊಂಡ್ರು,” ಎಂದಳು. “ಇನ್ನೂ ಇಬ್ಬರು ತಂಗಿಯರ ಮದುವೆ ಆಗಬೇಕಿತ್ತಲ್ಲ. ಅಕ್ಕನ್ನ ಗಂಡ ಬಿಟ್ಟ ಅಂದ್ರೆ ಅಯ್ಯೋ ಅಂತಾರೆ, ಗಂಡನ ಮೇಲೆ ಕೋರ್ಟಿಗೆ ಹೋದಳು ಅಂದ್ರೆ ಆ ಮನೆ ಹೆಣ್ಣೇ ಬೇಡ ಅಂತಾರೆ ಅಂದ್ರು.”

ದೊಡ್ಡಪ್ಪನನ್ನು ಕೆಟ್ಟವರು ಎಂದು ಹೇಳಲಾರೆ. ಮಗಳಿಗೆ ವಕೀಲರ ಫೀಸು ಕೊಟ್ಟವರೂ ಅವರೇ ಎಂದು ಅಂದೇ ತಿಳಿಯಿತು. ದುಡ್ಡು ಕೊಟ್ಟು, ಅವಳು ಮಾಡಿದ ಕೆಲಸವನ್ನು ಮಾತ್ರ ಅವಳಿಂದ ಕಿತ್ತು ಅಳಿಯನ ಹೆಸರಿಗೆ ಬರೆದುಬಿಟ್ಟರು. ತಂಗಿಯರ ಮದುವೆಗಳು ಆಗಿ, ಅವರ ಮಕ್ಕಳ ಮದುವೆಗಳೂ ಆದವು. ಆ ಸುಳ್ಳಿನ ಅವಧಿ ಯಾವಾಗಲೋ ಮುಗಿದಿತ್ತು, ಯಾರೂ ಅದನ್ನು ಹಿಂದಕ್ಕೆ ಪಡೆಯಲಿಲ್ಲ. ಅಯ್ಯೋ ಪಾಪ ಎಂದವರ ಸಾಲಿನಲ್ಲಿ ನಾನೂ ಇದ್ದೆನಲ್ಲ, ನಮ್ಮ ಆ ಕನಿಕರವನ್ನು ಅವಳು ಯಾವ ಮುಖ ಇಟ್ಟುಕೊಂಡು ಕೇಳಿಸಿಕೊಂಡಿರಬಹುದು ಎಂದು ಯೋಚಿಸಿದರೆ ಈಗಲೂ ಕಸಿವಿಸಿಯಾಗುತ್ತದೆ.

ನಾವು ಕುಳಿತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ ಮಳವಳ್ಳಿ ಕಡೆಯ ತಂದೆ ಮಗಳು ಇದ್ದರು. ಹುಡುಗಿಗೆ ಇಪ್ಪತ್ತೈದರ ಆಸುಪಾಸು. ತಂದೆಯ ಕೈಯಲ್ಲಿ ನೋಟರಿ ಮೊಹರು ಬಿದ್ದ ಛಾಪಾಕಾಗದವೊಂದಿತ್ತು, ಊರಿನ ಹಿರಿಯರು ನ್ಯಾಯ ಸೇರಿ ಎರಡೂ ಕಡೆಯವರಿಂದ ಬರೆಸಿದ ಬಿಡುಗಡೆ ಪತ್ರ. ಹಳದಿ ಬಣ್ಣದ ಪ್ಲಾಸ್ಟಿಕ್ ಕವರಿನಿಂದ ಅದನ್ನು ತೆಗೆಯುವುದು, ಮತ್ತೆ ಮಡಿಸಿ ಒಳಗಿಡುವುದು, ಇದನ್ನೇ ಮಾಡುತ್ತಿದ್ದರು. ಅದು ನಡೆಯುವುದಿಲ್ಲ ಎಂದು ಯಾರೋ ವಕೀಲರು ಆಗಷ್ಟೇ ಹೇಳಿಹೋಗಿದ್ದರಂತೆ. ವಕೀಲರು ಹೇಳಿದ್ದು ಸರಿ. ಸಮುದಾಯದಲ್ಲಿ ತಲೆಮಾರುಗಳಿಂದ ಬಂದ ವಿಚ್ಛೇದನ ಪದ್ಧತಿಯಿದ್ದರೆ ಕಾಯ್ದೆಯ 29ನೆಯ ಕಲಂ ಅದಕ್ಕೆ ರಕ್ಷಣೆ ಕೊಡುತ್ತದೆ, ಆದರೆ ಅಂಥ ಪದ್ಧತಿ ಇದೆ ಎಂದು ನ್ಯಾಯಾಲಯದಲ್ಲಿ ರುಜುವಾತು ಮಾಡಬೇಕು. ಹತ್ತು ಜನ ರುಜು ಹಾಕಿದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ, ಅದನ್ನು ನಂಬಿ ಇನ್ನೊಂದು ಮದುವೆಯಾದರೆ ಆ ಎರಡನೆಯದು ಅಸಿಂಧು. ನಮ್ಮ ಜಿಲ್ಲೆಗಳಲ್ಲಿ ಇಂಥ ಪತ್ರ ಬರೆದುಕೊಡುವವರಿಗೆ ಇದು ಗೊತ್ತಿಲ್ಲ ಎಂದು ನಾನು ನಂಬಲಾರೆ.

ಅಕ್ಕ ಅಷ್ಟು ಹೊತ್ತಿಗೆ ಪಕ್ಕಕ್ಕೆ ಸರಿದು ಕುಳಿತು, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿಯೇ ಆ ಹುಡುಗಿಗೆ ಹೇಳುತ್ತಿದ್ದಳು. ಮದುವೆಯಾಗಿ ಒಂದು ವರ್ಷವಾಗಿದೆಯೇ ಎಂದು ಮೊದಲು ಕೇಳಿದಳು, ಅದಕ್ಕೆ ಮುಂಚೆ ಸಾಮಾನ್ಯವಾಗಿ ಅರ್ಜಿ ಹಾಕಲು ಬರುವುದಿಲ್ಲ. ಇಬ್ಬರಿಗೂ ಒಪ್ಪಿಗೆಯಿದ್ದು ಒಂದು ವರ್ಷದಿಂದ ಬೇರೆ ಇದ್ದರೆ 13ಬಿ ಕಲಮಿನಲ್ಲಿ ಜಂಟಿ ಅರ್ಜಿ ಹಾಕಬಹುದು, ಆಮೇಲೆ ಆರು ತಿಂಗಳು ಕಾಯಿಸುತ್ತಾರೆ, ರಾಜಿಯ ದಾರಿಯೇ ಇಲ್ಲದಿದ್ದರೆ ಆ ಆರು ತಿಂಗಳನ್ನು ನ್ಯಾಯಾಧೀಶರು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ ಎಂದಳು. ಮದುವೆಯ ಲಗ್ನಪತ್ರಿಕೆ, ಫೋಟೊ, ಇಬ್ಬರ ಆಧಾರ್ ಎಲ್ಲವನ್ನೂ ಜೋಡಿಸಿಟ್ಟುಕೊ ಎಂದಳು. ತಂದೆ ಫೀಸಿನ ಮಾತೆತ್ತಿದಾಗ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ ಎಂದು ತಿಳಿಸಿದಳು. ನನಗೆ ಆಶ್ಚರ್ಯವಾದದ್ದು ಅವಳಿಗೆ ಇದೆಲ್ಲ ಗೊತ್ತಿದ್ದದ್ದು. ತನ್ನ ಪ್ರಕರಣ ಮುಗಿದ ಮೇಲೂ ಇಷ್ಟು ವರ್ಷ ಅವಳು ಈ ಕಾನೂನಿನ ಬೆನ್ನು ಬಿಟ್ಟಿರಲಿಲ್ಲ. ಸಹೋದ್ಯೋಗಿಗಳಲ್ಲಿ, ವಿದ್ಯಾರ್ಥಿಗಳ ತಾಯಂದಿರಲ್ಲಿ ಯಾರು ಯಾರು ಅವಳ ಬಳಿ ಬಂದು ಹೋಗಿದ್ದಾರೋ, ಮನೆಯವರಾದ ನಮಗೆ ಮಾತ್ರ ಸುದ್ದಿಯಿರಲಿಲ್ಲ.

“ಅರ್ಜಿ ನಿನ್ನ ಹೆಸರಲ್ಲಿ ಹಾಕೋಕೆ ಹೆದರಬೇಡ,” ಎಂದು ಹುಡುಗಿಗೆ ಹೇಳಿದ ಹೊತ್ತಿಗೆ ದೊಡ್ಡಣ್ಣ ಕಾಫಿ ತಂದು ನಿಂತಿದ್ದ. ವಾಪಸು ಬರುವಾಗ ಗಣಂಗೂರು ಟೋಲಿನ ತನಕ ತುಟಿ ಬಿಚ್ಚಲಿಲ್ಲ. ಆಮೇಲೆ ಮಾತನಾಡಿದ್ದೂ ಟೋಲಿನ ದರದ ಬಗ್ಗೆಯೇ.

ನಕಲು ನಿನ್ನೆ ಕೈಗೆ ಬಂತು. ಹಳೆಯ ಟೈಪ್‌ರೈಟರಿನ ಅಕ್ಷರಗಳು, ಕೆಲವು ಕಡೆ ಒತ್ತು ಅಕ್ಷರದ ಮೇಲೆಯೇ ಕುಳಿತಿವೆ. ಕೊನೆಯ ಪುಟದ ಹಿಂದಿನ ಮೊಹರಿನಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ವಿತರಿಸಿದ ದಿನಗಳನ್ನು ನೀಲಿ ಶಾಯಿಯಲ್ಲಿ ತುಂಬಿದ್ದಾರೆ. ಮೊದಲ ಪುಟದಲ್ಲಿ ಅರ್ಜಿದಾರರು ಎಂಬುದರ ಎದುರು ಅಕ್ಕನ ಹೆಸರು, ವಯಸ್ಸು, ಉದ್ಯೋಗ ಶಿಕ್ಷಕಿ ಎಂದಿದೆ. ಅದರ ಕೆಳಗೆ ಅವನ ಹೆಸರು. ಆಸ್ತಿಯ ಪ್ರಸ್ತಾಪವೇ ಇಲ್ಲದ್ದರಿಂದ ಬ್ಯಾಂಕಿನ ವಕೀಲರು ಅರ್ಧ ಗಂಟೆಯಲ್ಲಿ ಒಪ್ಪಿಗೆ ಕೊಟ್ಟರು. ಒಳಗಿನ ಪುಟಗಳಲ್ಲಿ ಏನಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇಂಥ ವಿಚಾರಣೆಗಳು ಮುಚ್ಚಿದ ಕೋಣೆಯಲ್ಲಿ ನಡೆಯಬೇಕು, ವಿವರಗಳನ್ನು ಪ್ರಕಟಿಸಬಾರದು ಎಂದು ಕಾಯ್ದೆಯ 22ನೆಯ ಕಲಂ ಹೇಳುತ್ತದೆ, ಮೀರಿದರೆ ಸಾವಿರ ರೂಪಾಯಿಯವರೆಗೆ ದಂಡವೂ ಇದೆ. ಇಷ್ಟನ್ನು ಬರೆಯಲು ಅಕ್ಕನ ಒಪ್ಪಿಗೆ ಪಡೆದಿದ್ದೇನೆ.

ನೋಂದಣಿ ಮುಂದಿನ ವಾರ. ಮೂಲ ನಕಲು ಬ್ಯಾಂಕಿಗೆ ಹೋಗುವುದರಿಂದ ಇನ್ನೊಂದು ತೆಗೆಸಿಡೋಣ ಎಂದು ನಾನು ಹೇಳಿದ್ದಕ್ಕೆ ಅಕ್ಕ, “ಒಂದು ಸಾಲದು, ಎರಡಕ್ಕೆ ಅರ್ಜಿ ಹಾಕು. ಒಂದು ಅಣ್ಣನ ಮನೆಯಲ್ಲಿರಲಿ,” ಎಂದಳು.