ಮಾರುಕಟ್ಟೆಯ ದಾರಿಯಲ್ಲೊಂದು ಗ್ರಂಥಾಲಯ

ಸಿಂಗಪುರ ಎಂದರೆ ಊರಿನವರು ವಿಮಾನ ನಿಲ್ದಾಣದ ಬಗ್ಗೆ, ರಸ್ತೆಗಳ ಸ್ವಚ್ಛತೆಯ ಬಗ್ಗೆ ವಿಚಾರಿಸುತ್ತಾರೆ. ನನಗೆ ಹೇಳಬೇಕೆನಿಸುವುದು ಇಲ್ಲಿನ ಸಾರ್ವಜನಿಕ ಗ್ರಂಥಾಲಯಗಳ ಬಗ್ಗೆ, ಅವುಗಳನ್ನು ಕಟ್ಟಿ ಬೆಳೆಸಿದ ಹೆಡ್ವಿಗ್ ಅನುವಾರ್ ಅವರ ಬಗ್ಗೆ.

ಅವರು ಹುಟ್ಟಿದ್ದು 1928ರಲ್ಲಿ, ಸಿಂಗಪುರಕ್ಕೆ ಹೊಂದಿಕೊಂಡಂತಿರುವ, ಈಗ ಮಲೇಷ್ಯಾದಲ್ಲಿರುವ ಜೋಹೊರ್ ಬಾರುವಿನಲ್ಲಿ. ಮಲಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ, ಲಂಡನ್ನಿನಲ್ಲಿ ತರಬೇತಿ ಪಡೆದು ಬಂದರು. 1960ರಲ್ಲಿ ರಾಷ್ಟ್ರೀಯ ಗ್ರಂಥಾಲಯದ ನಿರ್ದೇಶಕಿಯಾದಾಗ, ಆ ಹುದ್ದೆಗೇರಿದ ಮೊದಲ ಸಿಂಗಪುರದವರು ಅವರೇ. ನಡುವಿನ ಕೆಲವು ವರ್ಷ ಬಿಟ್ಟರೆ, 1988ರಲ್ಲಿ ನಿವೃತ್ತರಾಗುವವರೆಗೂ ಅದನ್ನು ಮುನ್ನಡೆಸಿದರು.

ಈ ರಾಷ್ಟ್ರೀಯ ಗ್ರಂಥಾಲಯದ ಹಿಂದಿನ ರೂಪವಾದ ಬ್ರಿಟಿಷರ ಕಾಲದ ರಾಫಲ್ಸ್ ಗ್ರಂಥಾಲಯ ಚಂದಾ ಕೊಟ್ಟವರ ಸ್ವತ್ತಾಗಿತ್ತು. ಪುಸ್ತಕಗಳು ಬಹುಪಾಲು ಇಂಗ್ಲಿಷಿನವು. 1953ರಲ್ಲಿ ರಬ್ಬರ್ ಉದ್ಯಮಿ ಲೀ ಕಾಂಗ್ ಚಿಯಾನ್ 3,75,000 ಡಾಲರ್ ಕೊಡಲು ಮುಂದಾಗಿ ಷರತ್ತು ಹಾಕಿದರು: ಗ್ರಂಥಾಲಯ ಎಲ್ಲರಿಗೂ ಉಚಿತವಾಗಿರಬೇಕು, ಸ್ಥಳೀಯ ಭಾಷೆಗಳಿಗೂ ಅಲ್ಲಿ ಜಾಗ ಸಿಗಬೇಕು. ಸ್ಟ್ಯಾಮ್‌ಫರ್ಡ್ ರಸ್ತೆಯಲ್ಲಿ ರಾಷ್ಟ್ರೀಯ ಗ್ರಂಥಾಲಯದ ಕೆಂಪು ಇಟ್ಟಿಗೆಯ ಕಟ್ಟಡ 1960ರ ನವೆಂಬರಿನಲ್ಲಿ ತೆರೆಯಿತು. ಆದರೆ ಕಟ್ಟಡ ಎದ್ದ ಮಾತ್ರಕ್ಕೆ ಷರತ್ತು ಈಡೇರುವುದಿಲ್ಲವಲ್ಲ. ಮಲಯ, ಚೀನೀ, ತಮಿಳು ಪುಸ್ತಕಗಳನ್ನು ಹುಡುಕಿ ತರಿಸಬೇಕು, ಆ ಲಿಪಿಗಳನ್ನು ಓದಬಲ್ಲವರೇ ಸೂಚಿ ತಯಾರಿಸಬೇಕು. ಹೊರಗಿನ ಕಣ್ಣಿಗೆ ಬೀಳದ ಇಂಥ ದುಡಿಮೆಯಿಂದಲೇ ಇಂಗ್ಲಿಷ್ ಸೇರಿ ನಾಲ್ಕೂ ಭಾಷೆಗಳ ಸಂಗ್ರಹ ಅನುವಾರ್ ಅವರ ಕಾಲದಲ್ಲಿ ಬೆಳೆಯಿತು. ಅವರ ಸಾಧನೆಗಳಲ್ಲಿ ನಾನು ಅತ್ಯಂತ ದೊಡ್ಡದೆಂದು ಭಾವಿಸುವುದು ಇದನ್ನೇ.

ಇನ್ನೊಂದು, ಪುಸ್ತಕಗಳನ್ನು ಜನರಿದ್ದಲ್ಲಿಗೆ ಒಯ್ದದ್ದು. ಸಂಚಾರಿ ಗ್ರಂಥಾಲಯ 1960ರಲ್ಲೇ ಹೊರಟಿತು. ಜನ ಹೊಸ ಸರ್ಕಾರಿ ವಸತಿ ಬಡಾವಣೆಗಳಿಗೆ ಹೋದ ಹಾಗೆ ಶಾಖೆಗಳೂ ಅತ್ತ ನಡೆದವು: 1970ರಲ್ಲಿ ಕ್ವೀನ್ಸ್‌ಟೌನ್, ಆಮೇಲೆ ಟೋವಾ ಪಾಯೋ, ಮರೀನ್ ಪರೇಡ್ ಮತ್ತಿತರ ಕಡೆ. ಕ್ವೀನ್ಸ್‌ಟೌನ್ ಶಾಖೆ ಈಗಲೂ ಅದೇ ಕಟ್ಟಡದಲ್ಲಿದೆ. ಅದರ ಮುಖಭಾಗದಲ್ಲಿ ಬೋ ಟೈ ಆಕಾರದ ವಿನ್ಯಾಸ ಎದ್ದು ಕಾಣುತ್ತದೆ. 2013ರಲ್ಲಿ ಅದನ್ನು ಸಂರಕ್ಷಿತ ಕಟ್ಟಡವೆಂದು ಘೋಷಿಸಿದರು. ಸ್ಟ್ಯಾಮ್‌ಫರ್ಡ್ ರಸ್ತೆಯ ಕಟ್ಟಡಕ್ಕೆ ಆ ಭಾಗ್ಯ ಇರಲಿಲ್ಲ. ಜನ ಎಷ್ಟು ಬೇಡಿಕೊಂಡರೂ ಸುರಂಗ ರಸ್ತೆಗಾಗಿ 2004ರಲ್ಲಿ ಅದನ್ನು ಕೆಡವಿದರು. ನನಗಿದು ಇಂದಿಗೂ ಸರಿಯೆನಿಸುವುದಿಲ್ಲ.

ನಮ್ಮ ಬಡಾವಣೆಯ ಶಾಖೆ ಮಾರುಕಟ್ಟೆಯ ದಾರಿಯಲ್ಲೇ ಇದೆ. ನಮ್ಮ ಮಹಡಿಯ ತಮಿಳು ಅಜ್ಜಿ ತರಕಾರಿ ಚೀಲವನ್ನು ಕಾಲಬಳಿ ಇಟ್ಟುಕೊಂಡು ತಮಿಳು ಕಾದಂಬರಿಯ ಮೊದಲ ಪುಟಗಳನ್ನು ಅಲ್ಲೇ ಓದಿ ನೋಡುತ್ತಾರೆ, ಹಿಡಿಸಿದರೆ ಮನೆಗೆ ಒಯ್ಯುತ್ತಾರೆ. ಮೊಮ್ಮಗ ಅಷ್ಟು ಹೊತ್ತಿಗೆ ಮಕ್ಕಳ ವಿಭಾಗದ ನೆಲದ ಮೇಲೆ ಇಂಗ್ಲಿಷ್ ಚಿತ್ರಪುಸ್ತಕ ಹರಡಿಕೊಂಡಿರುತ್ತಾನೆ. ಒಂದು ಶಾಖೆಯಲ್ಲಿ ಪಡೆದ ಪುಸ್ತಕವನ್ನು ಬೇರೆ ಯಾವ ಶಾಖೆಯಲ್ಲಾದರೂ ಹಿಂದಿರುಗಿಸಬಹುದು. ಬಾಗಿಲು ಮುಚ್ಚಿದ ಮೇಲೂ ಹೊರಗಿನ ಪೆಟ್ಟಿಗೆಯಲ್ಲಿ ಹಾಕಿ ಬರಬಹುದು.

ಸಿಂಗಪುರ ಸ್ವತಂತ್ರ ದೇಶವಾದ 1965ರಲ್ಲೇ ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಊರಿನಲ್ಲಿ ಆಸ್ತಿ ತೆರಿಗೆ ಕಟ್ಟುವಾಗ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ, ರಸೀದಿಯಲ್ಲಿ ನೋಡಿ. ಆ ಹಣ ನಿಮ್ಮದೇ. ಈ ವಾರ ನಿಮ್ಮ ಬಡಾವಣೆಯ ಶಾಖೆಗೆ ಒಮ್ಮೆ ಹೋಗಿ ಬನ್ನಿ. ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ, ಮಕ್ಕಳಿಗೆ ಕುಳಿತು ಓದಲು ಜಾಗವಿದೆಯೇ, ಹೊಸ ಕನ್ನಡ ಪುಸ್ತಕಗಳು ಬರುತ್ತಿವೆಯೇ ಎಂದು ನೋಡಿ ನನಗೆ ಬರೆಯಿರಿ.